ಬೇಡ ಎನ್ನುವ ಮೊದಲು ಯಾವ ಗ್ಯಾಸ್ ಎಂದು ಹೇಳಿ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ, ವಾಸ ಹಾಸ್ಟೆಲ್‌ನಲ್ಲಿ. ಊರು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಹತ್ತಿರದ ಹಳ್ಳಿ. ಅಮೆರಿಕದಲ್ಲಿ, ಯುರೋಪಿನಲ್ಲಿ ನಮ್ಮ ವಯಸ್ಸಿನವರು ನಗರಸಭೆಗಳ ಮುಂದೆ ನಿಂತು ಹೊಸ ಕಟ್ಟಡಗಳಿಗೆ ಗ್ಯಾಸ್ ಸಂಪರ್ಕ ಕೊಡಬೇಡಿ ಎಂದು ಕೇಳುತ್ತಿದ್ದಾರೆ. ನಾವು ಹನ್ನೆರಡು ಗೆಳೆಯರು ಸೇರಿ ಮಹಾನಗರ ಪಾಲಿಕೆಗೆ ಕೊಡಲು ಅಂಥದೇ ಮನವಿ ಬರೆದಿದ್ದೇವೆ, ಪ್ರತಿ ಲಗತ್ತಿಸಿದ್ದೇನೆ. ರಜೆಗೆ ಹೋದಾಗ ಅಮ್ಮನಿಗೆ ಓದಿ ಹೇಳಿದೆ. ‘ಇಪ್ಪತ್ತು ವರ್ಷ ಹೊಗೆ ಕುಡಿದು ಕಣ್ಣು ಹಾಳು ಮಾಡಿಕೊಂಡವಳು ನಾನು. ಈಗ ಗ್ಯಾಸ್ ಬಂದಿದೆ. ಅದನ್ನು ತೆಗೆಸಲು ಹೊರಟಿದ್ದೀಯಾ?’ ಎಂದರು. ಉತ್ತರ ಹೊಳೆಯಲಿಲ್ಲ. ನಮ್ಮ ಬೇಡಿಕೆ ತಪ್ಪೇ? ಸರಿಯಿದ್ದರೆ ಯಾರನ್ನು, ಏನೆಂದು ಕೇಳಬೇಕು?

ಉತ್ತರ: ಬೇಡಿಕೆ ತಪ್ಪಲ್ಲ. ಮನವಿಯ ಮೊದಲ ಸಾಲು ತಪ್ಪು. ‘ನಮ್ಮ ನಗರದ ಎಲ್ಲ ಕಟ್ಟಡಗಳಿಂದ ಗ್ಯಾಸ್ ಅನ್ನು ತೆಗೆದುಹಾಕಬೇಕು’ ಎಂದು ನೀವು ಆರಂಭಿಸಿದ್ದೀರಿ. ಆ ಸಾಲನ್ನು ಓದಿದ ಯಾವ ತಾಯಿಯಾದರೂ ನಿಮ್ಮ ಅಮ್ಮ ಕೇಳಿದ್ದನ್ನೇ ಕೇಳುತ್ತಾರೆ, ಕೇಳಲೇಬೇಕು. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತವರ ಮನೆಯಲ್ಲಿ ನಾನೂ ಬೆಳೆದವನು. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಿಕೊಳ್ಳದೆ ಇಡೀ ಮನೆ ಹೊಗೆಯಲ್ಲಿ ಮುಳುಗುತ್ತಿತ್ತು. ನನ್ನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಮುದ್ದೆ ತಿರುವುತ್ತಿದ್ದರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸತ್ತವರು ಸುಮಾರು 32 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆ ಹತ್ತು ಕೋಟಿಗೂ ಹೆಚ್ಚು ಮನೆಗಳಿಗೆ ಸಿಲಿಂಡರ್ ತಲುಪಿಸಿದ್ದು ಸಣ್ಣ ಕೆಲಸವಲ್ಲ. ಅದರ ಬೆಲೆ ತಿಳಿಯದೆ ಬರೆದ ಮನವಿ ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ ನಮ್ಮ ಕಡೆ ನಿಲ್ಲುವುದಿಲ್ಲ.

ಎರಡನೆಯ ತಪ್ಪು ಲೆಕ್ಕದ್ದು. ‘ಗ್ಯಾಸ್ ಒಲೆಯಿಂದ ಸೋರುವ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ’ ಎಂದು ಬರೆದಿದ್ದೀರಿ. ಇಪ್ಪತ್ತು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಮೀಥೇನ್ ವಿಷಯದಲ್ಲಿ ಈ ಮಾತು ಸರಿ. ಆದರೆ ನಿಮ್ಮ ಅಮ್ಮನ ಅಡುಗೆಮನೆಯ ಕೆಂಪು ಸಿಲಿಂಡರ್‌ನಲ್ಲಿರುವುದು ಮೀಥೇನ್ ಅಲ್ಲ. ಅದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ, ಒತ್ತಡದಲ್ಲಿ ದ್ರವವಾಗಿಸಿ ತುಂಬಿದ್ದು. ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ವಾಸನೆ ಬಂದಾಗ ಸ್ವಿಚ್ ಮುಟ್ಟದೆ ಬಾಗಿಲು ತೆರೆದು ನೆಲದ ಗಾಳಿಯನ್ನು ಹೊರಗೆ ಹೋಗಲು ಬಿಡಿ ಎಂದು ಹಿರಿಯರು ಹೇಳುವುದು ಇದಕ್ಕೇ. ಮೀಥೇನ್ ಇರುವುದು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಲ್ಲಿ. ಅದು ಹಗುರ, ಮೇಲಕ್ಕೇರುತ್ತದೆ. ಅಮೆರಿಕದ ಮನೆಗಳಿಗೆ ಬರುವುದು ಬಹುಮಟ್ಟಿಗೆ ಈ ಅನಿಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಒಲೆಗಳಿಂದ ಸೋರುವ ಮೀಥೇನ್‌ನ ಮುಕ್ಕಾಲು ಭಾಗ ಒಲೆ ಆರಿದ್ದಾಗಲೇ ಹೊರಬರುತ್ತದೆ ಎಂದು ಕಂಡುಬಂತು. ನೀವು ಓದಿರುವುದು ಆ ಒಲೆಗಳ ಕಥೆ. ಅದನ್ನು ತಂದು ಸಿಲಿಂಡರ್‌ಗೆ ಅಂಟಿಸಿದರೆ ಪಾಲಿಕೆಯ ಎಂಜಿನಿಯರ್ ಮೊದಲ ಪುಟದಲ್ಲೇ ನಿಮ್ಮನ್ನು ಹಿಡಿಯುತ್ತಾರೆ.

ಹಾಗೆಂದು ಆ ಮಾತು ನಮಗೆ ಸಂಬಂಧಿಸಿದ್ದೇ ಅಲ್ಲ ಎಂದು ಬಿಡುವ ಹಾಗೂ ಇಲ್ಲ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಹೋಗುವ ದೊಡ್ಡ ಅನಿಲ ಕೊಳವೆ ನಮ್ಮ ಎರಡೂ ಜಿಲ್ಲೆಗಳ ನೆಲದಡಿಯಲ್ಲೇ ಹಾದುಹೋಗಿದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳನ್ನು ಸೇರಿಸಿ ಒಂದೇ ವಿತರಣಾ ವಲಯವೆಂದು ಗುರುತಿಸಿ, ಮನೆಮನೆಗೆ ಕೊಳವೆ ಅನಿಲ ಕೊಡಲು ಕೇಂದ್ರದ ನಿಯಂತ್ರಣ ಮಂಡಳಿ ಪರವಾನಗಿಯನ್ನೂ ನೀಡಿದೆ. ಸಿಲಿಂಡರ್ ಬೇಡವೆಂದರೆ ನಾಳೆ ಹಿಂತಿರುಗಿಸಬಹುದು. ಬೀದಿ ಅಗೆದು ಹೂತ ಕೊಳವೆಯನ್ನು ಹಾಗೆ ಹಿಂತಿರುಗಿಸಲು ಆಗುವುದಿಲ್ಲ. ಹಣ ಹೂಡಿದವರು ಅದನ್ನು ದಶಕಗಳ ಕಾಲ ದುಡಿಸಿಕೊಳ್ಳಲೇಬೇಕಾಗುತ್ತದೆ. ಆದ್ದರಿಂದ ಹೊಸ ಬಡಾವಣೆಯೊಂದರ ನಕ್ಷೆ ಮೇಜಿನ ಮೇಲಿರುವಾಗಲೇ ಕೇಳಬೇಕಾದ ಪ್ರಶ್ನೆ ಇದು. ನೀವು ಸರಿಯಾದ ಹೊತ್ತಿನಲ್ಲಿ ಬಾಯಿ ತೆರೆದಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನೀವು ಮಾದರಿಯೆಂದು ಹೆಸರಿಸಿರುವ ಬರ್ಕ್ಲಿಯ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಕ್ಯಾಲಿಫೋರ್ನಿಯಾದ ಆ ಪುಟ್ಟ ನಗರ 2019ರ ಜುಲೈನಲ್ಲಿ ಹೊಸ ಕಟ್ಟಡಗಳಿಗೆ ಅನಿಲ ಕೊಳವೆ ಹಾಕುವುದನ್ನು ನಿಷೇಧಿಸಿತು. ಅಮೆರಿಕದಲ್ಲಿ ಇಂಥ ನಿಷೇಧ ಅದೇ ಮೊದಲು. ಹೋಟೆಲ್ ಮಾಲೀಕರ ಸಂಘ ನ್ಯಾಯಾಲಯಕ್ಕೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ವಿರುದ್ಧ ತೀರ್ಪು ಕೊಟ್ಟಿತು. ಉಪಕರಣಗಳ ಇಂಧನ ಬಳಕೆಯನ್ನು ನಿಯಂತ್ರಿಸುವ 1975ರ ಕೇಂದ್ರ ಕಾನೂನು ಇರುವಾಗ ನಗರವೊಂದು ಅದರ ಮೇಲೆ ಕೈಯಾಡಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ಮರುವರ್ಷ ಬರ್ಕ್ಲಿ ನಿಷೇಧವನ್ನು ಹಿಂತೆಗೆದುಕೊಳ್ಳಲು ಒಪ್ಪಿತು. ಆರೆಗನ್ ರಾಜ್ಯದ ಯೂಜೀನ್ ನಗರ 2023ರ ಫೆಬ್ರುವರಿಯಲ್ಲಿ ಹೊಸ ಮನೆಗಳಿಗೆ ಗ್ಯಾಸ್ ಬೇಡವೆಂದು ನಿರ್ಣಯಿಸಿ, ಬರ್ಕ್ಲಿಯ ಗತಿ ನೋಡಿ ಜುಲೈ ಹೊತ್ತಿಗೆ ಹಿಂದೆ ಸರಿಯಿತು. ನ್ಯೂಯಾರ್ಕ್ ನಗರ ಬೇರೆ ದಾರಿ ಹಿಡಿಯಿತು. 2021ರ ಡಿಸೆಂಬರ್‌ನಲ್ಲಿ ಅದು ಮಾಡಿದ ಕಾನೂನು ಕೊಳವೆಯ ಹೆಸರನ್ನೇ ಎತ್ತುವುದಿಲ್ಲ. ಹೊಸ ಕಟ್ಟಡದೊಳಗೆ ಸುಡುವ ಇಂಧನದಿಂದ ಇಷ್ಟಕ್ಕಿಂತ ಹೆಚ್ಚು ಇಂಗಾಲ ಹೊರಬರಬಾರದು ಎಂದಷ್ಟೇ ಹೇಳುತ್ತದೆ. ಆ ಮಿತಿಯೊಳಗೆ ಗ್ಯಾಸ್ ಉರಿಸಲು ಸಾಧ್ಯವಾಗುವುದಿಲ್ಲ, ಅಷ್ಟೇ. ಅತ್ತ ನೆದರ್ಲೆಂಡ್ಸ್‌ನಲ್ಲಿ ಇಡೀ ದೇಶವೇ 2018ರ ಜುಲೈನಿಂದ ಹೊಸ ಮನೆಗಳಿಗೆ ಅನಿಲ ಸಂಪರ್ಕ ನಿಲ್ಲಿಸಿತು. ಗ್ರೋನಿಂಗೆನ್ ಪ್ರದೇಶದಲ್ಲಿ ಅನಿಲ ತೆಗೆದು ತೆಗೆದು ಭೂಮಿ ನಡುಗತೊಡಗಿ ಮನೆಗಳ ಗೋಡೆ ಬಿರುಕು ಬಿಟ್ಟಿದ್ದು ಅಲ್ಲಿನ ಜನರನ್ನು ಆ ಕಡೆಗೆ ತಳ್ಳಿತ್ತು.

ಈ ಕಥೆಯಿಂದ ನಿಮಗೆ ಬೇಕಾದ್ದು ಒಂದೇ: ಯಾರ ಕೈಯಲ್ಲಿ ಏನಿದೆ ಎಂದು ನೋಡಿ ಕೇಳುವುದು. ನಮ್ಮಲ್ಲಿ ಅಡುಗೆ ಅನಿಲದ ಪೂರೈಕೆ ಕೇಂದ್ರದ ಆದೇಶದಡಿ ನಡೆಯುತ್ತದೆ. ಕೊಳವೆ ಅನಿಲಕ್ಕೆ 2006ರ ಕೇಂದ್ರ ಕಾಯ್ದೆ ಇದೆ. ದಾವಣಗೆರೆ ಪಾಲಿಕೆಯಾಗಲಿ ಚಿತ್ರದುರ್ಗ ನಗರಸಭೆಯಾಗಲಿ ಗ್ಯಾಸ್ ನಿಷೇಧಿಸಿದೆವು ಎಂದು ನಿರ್ಣಯ ಮಾಡಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಆದರೆ ಕಟ್ಟಡ ಪರವಾನಗಿ, ನಕ್ಷೆ ಮಂಜೂರಾತಿ, ತನ್ನದೇ ಕಟ್ಟಡಗಳ ಅಡುಗೆಮನೆ, ಚಾವಣಿ ಇವೆಲ್ಲ ಸ್ಥಳೀಯ ಸಂಸ್ಥೆಯ ಕೈಯಲ್ಲೇ ಇವೆ. ಅಲ್ಲಿ ಕೇಳಿ.

ಇನ್ನು ನಿಮ್ಮ ಮನವಿಯಲ್ಲಿ ಇಲ್ಲದ, ಆದರೆ ಯಾರಾದರೂ ಎತ್ತಿಯೇ ಎತ್ತುವ ಪ್ರಶ್ನೆಗೆ ಬರುತ್ತೇನೆ. ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಗೆ ಹೋದರೆ ಹವಾಮಾನಕ್ಕೆ ಲಾಭವಿದೆಯೇ? ಕೂತು ಲೆಕ್ಕ ಹಾಕೋಣ. 14.2 ಕಿಲೋ ಸಿಲಿಂಡರ್‌ನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖ ಅಡಗಿದೆ. ಮನೆಯ ಒಲೆಯಲ್ಲಿ ಪಾತ್ರೆಗೆ ಸೇರುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಉಳಿದದ್ದು ಪಾತ್ರೆಯ ಸುತ್ತ ಹಾರಿಹೋಗಿ ಅಡುಗೆ ಮಾಡುವವರನ್ನು ಬೇಯಿಸುತ್ತದೆ. ಇಂಡಕ್ಷನ್‌ನಲ್ಲಿ ಶೇಕಡ 85ರಷ್ಟು ಪಾತ್ರೆಗೇ ಸೇರುತ್ತದೆ. ಹಾಗಾಗಿ ಒಂದು ಸಿಲಿಂಡರ್‌ನ ಅಡುಗೆಯನ್ನು ಸುಮಾರು 120 ಯೂನಿಟ್ ವಿದ್ಯುತ್‌ನಲ್ಲಿ ಮುಗಿಸಬಹುದು. ಈಗ ಇಂಗಾಲ. ಒಂದು ಕಿಲೋ ಎಲ್‌ಪಿಜಿ ಸುಟ್ಟರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಸಿಲಿಂಡರ್‌ಗೆ 43 ಕಿಲೋ. ದೇಶದ ಸರಾಸರಿ ವಿದ್ಯುತ್‌ಗೆ ಯೂನಿಟ್‌ಗೆ 0.7 ಕಿಲೋ ಎಂದಿಟ್ಟರೆ 120 ಯೂನಿಟ್‌ಗೆ 84 ಕಿಲೋ. ಹೆಚ್ಚುಕಡಿಮೆ ಎರಡು ಪಟ್ಟು! ಕಲ್ಲಿದ್ದಲಿನ ಕರೆಂಟಿನಲ್ಲಿ ರಾತ್ರಿ ಎಂಟಕ್ಕೆ ಇಂಡಕ್ಷನ್ ಹಚ್ಚಿ ಭೂಮಿಯನ್ನು ತಂಪು ಮಾಡಿದೆ ಎಂದುಕೊಳ್ಳುವುದು ಭ್ರಮೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಸಭೆಗೆ ಕಳುಹಿಸಲು ನನಗೆ ಮನಸ್ಸಿಲ್ಲ.

ಆದರೆ ಈ ಲೆಕ್ಕದಲ್ಲಿ ‘ಸರಾಸರಿ’ ಎಂಬ ಪದವನ್ನು ಬಿಡಿಸಿ ನೋಡಿ. ಮಧ್ಯಾಹ್ನ ಹನ್ನೆರಡರ ಯೂನಿಟ್ ಬೇರೆ, ರಾತ್ರಿ ಎಂಟರ ಯೂನಿಟ್ ಬೇರೆ. ಚಿತ್ರದುರ್ಗದ ಪಕ್ಕದಲ್ಲೇ ಇರುವ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳು ಆಷಾಢದ ಗಾಳಿಗೆ ರಾತ್ರಿಯೂ ತಿರುಗುವುದನ್ನು ನೀವು ಬಸ್ಸಿನ ಕಿಟಕಿಯಿಂದಲೇ ಕಂಡಿರುತ್ತೀರಿ. ನಿಮ್ಮದೇ ಚಾವಣಿಯ ಸೌರಫಲಕದಿಂದ ಬಂದ ಯೂನಿಟ್‌ನಲ್ಲಿ ಬೆಂದ ಅನ್ನಕ್ಕೆ ಒಲೆಯ ಇಂಗಾಲವೇ ಇಲ್ಲ. ಜೊತೆಗೆ ಇಂದು ಕಟ್ಟುವ ಕಟ್ಟಡ ಐವತ್ತು ವರ್ಷ ನಿಲ್ಲುತ್ತದೆ. ಐವತ್ತು ವರ್ಷವೂ ವಿದ್ಯುತ್ ಇಂದಿನಷ್ಟೇ ಕೊಳಕಾಗಿರುವುದಿಲ್ಲ, ಅನಿಲ ಮಾತ್ರ ಎಂದಿಗೂ ಅನಿಲವೇ. ನಿಮ್ಮ ವಾದದ ಬೆನ್ನೆಲುಬು ಇಲ್ಲಿದೆ: ಹಗಲಿನ ಅಡುಗೆ, ಸ್ವಂತ ಚಾವಣಿ, ಹೊಸ ಕಟ್ಟಡ. ಇದಕ್ಕೆ ಇನ್ನೆರಡು ಕಾರಣಗಳನ್ನು ಸೇರಿಸಿಕೊಳ್ಳಬಹುದು. ದೇಶ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು, ಅದೂ ಬಹುಪಾಲು ಕೊಲ್ಲಿ ದೇಶಗಳಿಂದ. ಹಾಗೆಯೇ ಗ್ಯಾಸ್ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಹೊರಬರುತ್ತದೆ. ಅದರ ವಾರ್ಷಿಕ ಸುರಕ್ಷಿತ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿದೆ. ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಆಸ್ತಮಾ ಇರುವ ಮಗುವಿದ್ದರೆ ಇದು ಗಮನಿಸಬೇಕಾದ ಸಂಗತಿ. ಸೌದೆಯ ಹೊಗೆಗೆ ಹೋಲಿಸಿದರೆ ಇದು ಸಣ್ಣದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ಈಗ ಅಡುಗೆಮನೆಯ ಒಳಗೆ ಬನ್ನಿ. ಕೆಲವು ವರ್ಷಗಳ ಹಿಂದೆ ಹಿರಿಯೂರು ಕಡೆಯ ಹಳ್ಳಿಯೊಂದರಲ್ಲಿ ಇಂಡಕ್ಷನ್ ಒಲೆ ತೋರಿಸಲು ಹೋಗಿದ್ದೆ. ನೀರು ನಾಲ್ಕೈದು ನಿಮಿಷಕ್ಕೆ ಕುದಿಯಿತು, ಎಲ್ಲರೂ ಮೆಚ್ಚಿದರು. ಆಗ ಹಿರಿಯ ಹೆಂಗಸೊಬ್ಬರು ರಾಗಿ ಹಿಟ್ಟು ತಂದು, ಮುದ್ದೆ ಮಾಡಿ ತೋರಿಸಿ ಎಂದರು. ಮೊದಲ ಅಡಚಣೆ ಪಾತ್ರೆಯೇ. ಮುದ್ದೆ ಮಾಡುವ ಅವರ ಪಾತ್ರೆ ಅಲ್ಯೂಮಿನಿಯಂನದು, ಒಲೆ ಅದನ್ನು ಗುರುತಿಸಲೇ ಇಲ್ಲ. ಅಯಸ್ಕಾಂತ ಅಂಟುವ, ತಳ ಸಪಾಟಾದ ಪಾತ್ರೆಯೇ ಬೇಕು. ಸ್ಟೀಲ್ ಪಾತ್ರೆ ತಂದರು. ಹಿಟ್ಟು ಬೆಂದ ಮೇಲೆ ಕೋಲು ಹಾಕಿ ತಿರುವತೊಡಗಿದಾಗ ಪಾತ್ರೆ ಗಾಜಿನ ಮೇಲೆ ಬುಗುರಿಯಂತೆ ಸುತ್ತಿತು. ಕವೆಗೋಲು ಒತ್ತಿ ಹಿಡಿದರೆ ಗಾಜು ಒಡೆಯುವ ಭಯ. ಕೊನೆಗೆ ಪಾತ್ರೆಯನ್ನು ನೆಲಕ್ಕಿಳಿಸಿ, ಎರಡು ಪಾದಗಳ ನಡುವೆ ಬಟ್ಟೆ ಇಟ್ಟು ಒತ್ತಿ ಹಿಡಿದು ತಿರುವಿ, ಮತ್ತೆ ಎರಡು ನಿಮಿಷ ಒಲೆಯ ಮೇಲಿಟ್ಟರು. ಮುದ್ದೆ ಚೆನ್ನಾಗಿಯೇ ಬಂತು. ಆದರೆ ಬಿಸಿ ಪಾತ್ರೆಯನ್ನು ದಿನಕ್ಕೆರಡು ಸಲ ಇಳಿಸಿ ಹತ್ತಿಸುವವರು ನಾನಲ್ಲ, ಅವರು. ಜೋಳದ ರೊಟ್ಟಿಯೂ ಅಷ್ಟೇ. ಹಂಚಿನ ಮೇಲೆ ಬೇಯುತ್ತದೆ, ಕೊನೆಗೆ ಉಬ್ಬುವುದಕ್ಕೆ ಬರಿಯ ಉರಿಯೇ ಬೇಕೆಂದು ಹೆಂಗಸರು ಹೇಳುತ್ತಾರೆ. ಅವರ ಮಾತು ಸರಿ. ಅನ್ನ, ಬೇಳೆ, ಸಾರು, ಹಾಲು, ಕಾಫಿ ಇವಕ್ಕೆ ಇಂಡಕ್ಷನ್ ಗ್ಯಾಸಿಗಿಂತ ಒಳ್ಳೆಯದು. ಮುದ್ದೆ, ರೊಟ್ಟಿಗೆ ಒಂದು ಉರಿ ಇರಲಿ.

ಗೋಡೆಯನ್ನೂ ನೋಡಿ. ಇಂಡಕ್ಷನ್ ಒಲೆ 2,000 ವ್ಯಾಟ್‌ನಲ್ಲಿ ನಡೆಯುವಾಗ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ನಮ್ಮ ಬಹುತೇಕ ಹಳೆಯ ಅಡುಗೆಮನೆಗಳಲ್ಲಿರುವುದು ಮಿಕ್ಸಿಗೆಂದು ಹಾಕಿದ 6 ಆಂಪಿಯರ್ ಸಾಕೆಟ್. ಅದಕ್ಕೇ ಚುಚ್ಚಿ ದಿನಾ ಅಡುಗೆ ಮಾಡಿದರೆ ಮೂರು ತಿಂಗಳಲ್ಲಿ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸುಟ್ಟ ವಾಸನೆ. ಬೇಕಾದ್ದು 16 ಆಂಪಿಯರ್ ಸಾಕೆಟ್, ಅದಕ್ಕೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ದಪ್ಪ ತಂತಿ, ಸರಿಯಾದ ಅರ್ಥಿಂಗ್. ಮನೆ ಕಟ್ಟುವಾಗಲೇ ಹಾಕಿಸಿದರೆ ಖರ್ಚು ಅಲ್ಪ, ಕಟ್ಟಿದ ಮೇಲೆ ಗೋಡೆ ಕೊರೆಯಬೇಕು. ಬೀದಿಯ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿದರೆ ಒಲೆ ಕೂಗಿ ಆರುತ್ತದೆ. ಇಡೀ ಬೀದಿ ಒಮ್ಮೆಲೇ ಇಂಡಕ್ಷನ್‌ಗೆ ಹೋದರೆ ಬೀದಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್) ತಡೆಯುವುದಿಲ್ಲ. ಆದ್ದರಿಂದ ಬಡಾವಣೆಯ ನಕ್ಷೆಯ ಜೊತೆಗೇ ಟಿ.ಸಿ.ಯ ಸಾಮರ್ಥ್ಯವನ್ನೂ ಅಡುಗೆಯ ಲೋಡ್ ಸೇರಿಸಿ ಲೆಕ್ಕ ಹಾಕಬೇಕು ಎಂದು ಬೆಸ್ಕಾಂ ಮುಂದೆ ಕೇಳುವುದು ನ್ಯಾಯವಾದ ಬೇಡಿಕೆ.

ಎಲ್ಲಕ್ಕಿಂತ ದೊಡ್ಡ ತಡೆ ಬೇರೆಯೇ ಇದೆ, ಅದನ್ನು ನಿಮ್ಮ ಮನವಿ ಮುಟ್ಟಿಯೇ ಇಲ್ಲ. ಗೃಹಜ್ಯೋತಿ. 200 ಯೂನಿಟ್ ಉಚಿತ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಪ್ರತಿ ಮನೆಗೂ 200 ಸಿಗುವುದಿಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದ ಮನೆಗೆ 10 ಯೂನಿಟ್) ಸೇರಿಸಿದಷ್ಟೇ ಉಚಿತ. ಅದರ ಮೇಲಿನದಕ್ಕೆ ಹಣ ಕಟ್ಟಬೇಕು, ಒಟ್ಟು 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 60 ಯೂನಿಟ್ ಬಳಸುತ್ತಿದ್ದ ಮನೆಗೆ 66 ಉಚಿತ ಎಂದುಕೊಳ್ಳಿ. ಒಂದೂವರೆ ತಿಂಗಳಿಗೊಂದು ಸಿಲಿಂಡರ್ ಮುಗಿಸುವ ಆ ಮನೆ ಪೂರ್ತಿ ಇಂಡಕ್ಷನ್‌ಗೆ ಬಂದರೆ ತಿಂಗಳಿಗೆ 80 ಯೂನಿಟ್ ಹೆಚ್ಚುತ್ತದೆ. ಶೂನ್ಯ ಬಿಲ್ ಬರುತ್ತಿದ್ದ ಮನೆಗೆ ಒಮ್ಮೆಲೇ ಐನೂರು ರೂಪಾಯಿಯ ಆಸುಪಾಸಿನ ಬಿಲ್. ಸಿಲಿಂಡರ್ ಖರ್ಚು ಉಳಿಯುತ್ತದೆ, ನಿಜ. ಸಿಲಿಂಡರ್ 850 ರೂಪಾಯಿ, ಯೂನಿಟ್ ಎಲ್ಲ ಸೇರಿ 7 ರೂಪಾಯಿ ಎಂದಿಟ್ಟು ಲೆಕ್ಕ ಹಾಕಿದರೆ ಎರಡೂ ಸರಿಸುಮಾರು ಒಂದೇ. ಆದರೆ ‘ಸೊನ್ನೆ’ ಎಂದು ಬರುತ್ತಿದ್ದ ಚೀಟಿಯಲ್ಲಿ ಮೊತ್ತ ಮೂಡಿದರೆ ಯಾವ ಗೃಹಿಣಿಯ ಎದೆಯೂ ಧಸಕ್ ಎನ್ನುತ್ತದೆ. ಇಂಡಕ್ಷನ್ ಒಲೆಯನ್ನು ಪೆಟ್ಟಿಗೆ ಸಮೇತ ಅಟ್ಟಕ್ಕೆ ಏರಿಸಿಟ್ಟಿರುವ ಎಷ್ಟೋ ಮನೆಗಳನ್ನು ನಾನು ನೋಡಿದ್ದೇನೆ, ಕೇಳಿದರೆ ಕಾರಣ ಇದೊಂದೇ. ಅಡುಗೆಗೆ ಬಳಸಿದ ಹೆಚ್ಚುವರಿ ಯೂನಿಟ್‌ಗಳನ್ನು, ಕನಿಷ್ಠ ಹಗಲಿನವನ್ನು, ಈ ಮಿತಿಯಿಂದ ಹೊರಗಿಡಿ ಎಂದು ರಾಜ್ಯ ಸರ್ಕಾರವನ್ನು ಕೇಳಿ. ದರ ನಿಗದಿಗೆ ಮುನ್ನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕರಾದರೂ ಲಿಖಿತ ಆಕ್ಷೇಪ ಸಲ್ಲಿಸಿ ಅಲ್ಲಿ ಮಾತನಾಡಬಹುದು. ಅಲ್ಲಿ ವಿದ್ಯಾರ್ಥಿಗಳ ದನಿ ಕೇಳಿಬರಬೇಕು ಎಂದು ನನಗೆ ಬಹಳ ಆಸೆ.

ದಾವಣಗೆರೆಯ ಬಗ್ಗೆ ಇನ್ನೊಂದು ಮಾತು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿಯ ಗುಣಮಟ್ಟ ಮಿತಿ ಮೀರಿದ ಊರುಗಳೆಂದು ಕರ್ನಾಟಕದಿಂದ ಸೇರಿದ ನಾಲ್ಕರಲ್ಲಿ ದಾವಣಗೆರೆಯೂ ಒಂದು. ಉಳಿದವು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಇಲ್ಲಿಯ ಗಾಳಿ ಕೆಡಲು ಮನೆಯ ಗ್ಯಾಸ್ ಒಲೆ ಮುಖ್ಯ ಕಾರಣವಲ್ಲ. ರಸ್ತೆಯ ದೂಳು, ವಾಹನ, ಕಸಕ್ಕೆ ಹಚ್ಚುವ ಬೆಂಕಿ, ಹೊಟ್ಟು ಮತ್ತು ಸಿಕ್ಕಿದ್ದನ್ನೆಲ್ಲ ಉರಿಸುವ ಭಟ್ಟಿಗಳ ಹೊಗೆ ಇವು ಮುಂದಿವೆ. ಮಂಡಕ್ಕಿ ಭಟ್ಟಿಯ ಕೆಲಸ ನೋಡಿದ್ದೀರಾ? ಕಾದ ಮರಳಿನಲ್ಲಿ ಅಕ್ಕಿ ಅರಳುವ ಒಂದೆರಡು ಕ್ಷಣಕ್ಕಾಗಿ ಒಬ್ಬರು ಇಡೀ ದಿನ ಬೆಂಕಿಯ ಬಾಯಿಗೆ ಮುಖ ಕೊಟ್ಟು ನಿಂತಿರುತ್ತಾರೆ. ಮಸಿ ಗೋಡೆಗಷ್ಟೇ ಅಲ್ಲ, ಉಸಿರಿಗೂ ಹತ್ತುತ್ತದೆ. ಅಂಥ ಕಡೆ ಗ್ಯಾಸ್ ಬಂದರೆ ಅದು ಏಳಿಗೆ. ನಿಮ್ಮ ಮನವಿ ಅವರ ದಾರಿಗೆ ಅಡ್ಡ ಬರಬಾರದು. ಬೆಣ್ಣೆ ದೋಸೆಯ ಕಟ್ಟಿಗೆ ಒಲೆಯ ಕಥೆ ಏನು ಎಂದೂ ಯಾರಾದರೂ ಕೇಳಬಹುದು. ಆ ರುಚಿ ನನಗೂ ಪ್ರಿಯ. ಕಾವಲಿಯ ಮೇಲೆ ಚಿಮಣಿ ಸರಿಯಾಗಿದ್ದು, ಕಟ್ಟಿಗೆ ಒಣಗಿದ್ದರೆ ಸದ್ಯಕ್ಕೆ ಅಷ್ಟು ಸಾಕು. ಅಲ್ಲಿಂದ ಜಗಳ ಆರಂಭಿಸಬೇಡಿ.

ಹಾಗಾದರೆ ಎಲ್ಲಿಂದ? ನೀವು ಮಲಗುವ ಕಟ್ಟಡದಿಂದ. ಇಷ್ಟೊಂದು ಹಾಸ್ಟೆಲ್‌ಗಳಿರುವ ಈ ವಿದ್ಯಾನಗರಿಯಲ್ಲಿ ನಿಮ್ಮ ವಯಸ್ಸಿನ ಸಾವಿರಾರು ಜನರ ಅಡುಗೆ, ಸ್ನಾನ ನಡೆಯುವುದು ಅಲ್ಲೇ. ಮೊದಲು ಸ್ನಾನದ ಮನೆ. ಗಾಳಿಯಾಡದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಉರಿದರೆ ಆಮ್ಲಜನಕ ಕುಗ್ಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿಗಳನ್ನು ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವೆ. ವರ್ಷದ ಬಹುಪಾಲು ಬಿಸಿಲು ಕಾಯುವ ನಮ್ಮ ಊರಿನಲ್ಲಿ ನೀರು ಕಾಯಿಸಲು ಗ್ಯಾಸ್ ಸುಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ, ಚಾವಣಿಯ ಸೌರ ಜಲತಾಪಕ ಸಾಕು. ನಿಮ್ಮ ಹಾಸ್ಟೆಲ್‌ನಲ್ಲೋ, ಗೆಳೆಯರ ಪಿ.ಜಿ.ಯಲ್ಲೋ ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಮನವಿಗಾಗಿ ಕಾಯಬೇಡಿ. ಅದನ್ನು ಈ ವಾರವೇ ಹೊರಗೆ ಹಾಕಿಸಿ.

ಆಮೇಲೆ ಅಡುಗೆಮನೆ. ಒಂದು ತಿಂಗಳು ಸಿಲಿಂಡರ್ ರಿಜಿಸ್ಟರ್ ನೋಡಿ ಬರೆದುಕೊಳ್ಳಿ. ದಿನಕ್ಕೊಂದು 19 ಕಿಲೋ ಸಿಲಿಂಡರ್ ಮುಗಿಸುವ ಅಡುಗೆಮನೆ ಎಂದಿಟ್ಟರೆ ಅದೇ ಕೆಲಸಕ್ಕೆ ಸುಮಾರು 150 ಯೂನಿಟ್ ವಿದ್ಯುತ್ ಬೇಕು. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಅಂದರೆ 35ರಿಂದ 40 ಕಿಲೋವ್ಯಾಟ್, ಅದಕ್ಕೆ ಸುಮಾರು 4,000 ಚದರ ಅಡಿ ಚಾವಣಿ. ಬಟ್ಟೆ ಒಣಗಿಸಲು ಬಿಟ್ಟಿರುವ ನಿಮ್ಮ ಚಾವಣಿಯನ್ನು ಟೇಪ್ ಹಿಡಿದು ಅಳೆಯಿರಿ. ಬೆಳಗಿನ ತಿಂಡಿ ಬಿಸಿಲಿಗೆ ಮುಂಚೆ ಮುಗಿಯುತ್ತದೆ, ರಾತ್ರಿಯ ಊಟ ಬಿಸಿಲು ಇಳಿದ ಮೇಲೆ. ಆದ್ದರಿಂದ ಗುರಿ ಮಧ್ಯಾಹ್ನದ ಅನ್ನ, ಸಾರು. ಅರ್ಧ ಸಿಲಿಂಡರ್ ಉಳಿದರೂ ನಿಮ್ಮ ಕೈಯಲ್ಲಿ ಊರಿಗೆ ತೋರಿಸುವ ಲೆಕ್ಕವಿರುತ್ತದೆ. ಇದನ್ನೆಲ್ಲ ವಾರ್ಡನ್ ಜೊತೆ ಮಾತನಾಡುವ ಮೊದಲು ಅಡುಗೆಯವರ ಜೊತೆ ಮಾತನಾಡಿ. ದೊಡ್ಡ ಬರ್ನರ್‌ಗಳ ಮುಂದೆ ಏಪ್ರಿಲ್‌ನ ಮಧ್ಯಾಹ್ನ ನಿಲ್ಲುವವರು ಅವರು, ಒಲೆ ಬದಲಾದರೆ ಮೊದಲ ಲಾಭ ಅವರಿಗೇ.

ಈಗ ಮನವಿ. ಪಾಲಿಕೆಗೂ ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಒಂದೇ ಪ್ರತಿ ಕೊಡಿ. ಹೊಸ ಬಡಾವಣೆ, ಅಪಾರ್ಟ್‌ಮೆಂಟ್, ಹಾಸ್ಟೆಲ್‌ಗಳ ನಕ್ಷೆ ಮಂಜೂರು ಮಾಡುವಾಗ ಪ್ರತಿ ಅಡುಗೆಮನೆಗೆ ಪ್ರತ್ಯೇಕ ತಂತಿಯ 16 ಆಂಪಿಯರ್ ಸಾಕೆಟ್ ಮತ್ತು ಚಾವಣಿಯಲ್ಲಿ ಸೌರಫಲಕಕ್ಕೆ ನೆರಳಿಲ್ಲದ ಜಾಗ ಇರಬೇಕೆಂಬ ಷರತ್ತು ಹಾಕಿ ಎಂದು ಕೇಳಿ. ಪಾಲಿಕೆಯ ಸ್ವಂತ ಕಟ್ಟಡಗಳಲ್ಲೂ ಇಂದಿರಾ ಕ್ಯಾಂಟೀನ್ ಅಡುಗೆಮನೆಯಲ್ಲೂ ಅದನ್ನು ಮೊದಲು ಮಾಡಿ ತೋರಿಸಲಿ. ಹೊಸ ಬಡಾವಣೆಗೆ ಅನಿಲ ಕೊಳವೆ ಹೂಳಲು ರಸ್ತೆ ಅಗೆಯುವ ಅನುಮತಿ ಕೊಡುವ ಮುನ್ನ, ಅಲ್ಲಿ ವಿದ್ಯುತ್ ಅಡುಗೆಗೆ ಏನು ಬೇಕೆಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ. ಸ್ವಂತ ಮನೆ ಇರುವವರಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ಅದರ ಮಾಹಿತಿ ಪ್ರತಿ ವಾರ್ಡ್ ಕಚೇರಿಯಲ್ಲಿ ಸಿಗಲಿ. ‘ನಿಷೇಧ’ ಎಂಬ ಪದ ಎಲ್ಲೂ ಬೇಡ. ಸಿಲಿಂಡರ್ ಇರುವ ಹಳೆಯ ಮನೆಗಳನ್ನೂ ಸೌದೆಯಿಂದ ಈಚೆಗಷ್ಟೇ ಬಂದವರನ್ನೂ ಈ ಮನವಿ ಮುಟ್ಟುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಯಾವ ಹಕ್ಕಿನಿಂದ ಕೇಳುತ್ತೀರಿ ಎಂದು ಯಾರಾದರೂ ಕೇಳಿದರೆ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ರಕ್ಷಣೆಯ ಪ್ರಕರಣದಲ್ಲಿ, ಹೇಳಿದೆ. ನಿಮ್ಮ ಹಳ್ಳಿಯಲ್ಲಿ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆ ಇದೆ. ಶಾಲೆಯ ಬಿಸಿಯೂಟದ ಅಡುಗೆಮನೆಯ ಚಾವಣಿಯ ಬಗ್ಗೆ ಅಲ್ಲಿನ ಮಕ್ಕಳೇ ಪ್ರಶ್ನೆ ಎತ್ತಬಹುದು, ನೀವು ಹೋಗಿ ಲೆಕ್ಕ ಹೇಳಿಕೊಡಿ.

ಅಮ್ಮನಿಗೆ ಕೊಡಲು ಉತ್ತರ ಹೊಳೆಯಲಿಲ್ಲ ಎಂದಿದ್ದೀರಿ. ಮುಂದಿನ ಸಲ ಊರಿಗೆ ಹೋಗುವಾಗ ಮನವಿಯ ಜೊತೆಗೆ ಒಂದು ಇಂಡಕ್ಷನ್ ಒಲೆಯನ್ನೂ ಅಯಸ್ಕಾಂತ ಅಂಟುವ ಒಂದು ಪಾತ್ರೆಯನ್ನೂ ಒಯ್ಯಿರಿ. ಮೊದಲು ಸಾಕೆಟ್ ಪರೀಕ್ಷಿಸಿ. ಎರಡು ಲೀಟರ್ ನೀರನ್ನು ಗ್ಯಾಸ್ ಮೇಲೆ ಕುದಿಸುವ ಮೊದಲು ಮತ್ತು ಆಮೇಲೆ ಸಿಲಿಂಡರ್ ತೂಗಲು ಹೋಗಬೇಡಿ, 25 ಗ್ರಾಂ ವ್ಯತ್ಯಾಸ ಊರಿನ ತಕ್ಕಡಿಗೆ ಸಿಗುವುದಿಲ್ಲ. ಬದಲಿಗೆ ಹದಿನೈದು ದಿನ ಬೆಳಗಿನ ಹಾಲು, ಕಾಫಿ, ಮಧ್ಯಾಹ್ನದ ಅನ್ನ ಮಾತ್ರ ಇಂಡಕ್ಷನ್‌ನಲ್ಲಿ ಆಗಲಿ, ಮುದ್ದೆ ಗ್ಯಾಸ್ ಮೇಲೆಯೇ ಇರಲಿ. ಮೀಟರ್‌ನ ಅಂಕಿಯನ್ನು ಮೊದಲ ದಿನ ಮತ್ತು ಕೊನೆಯ ದಿನ ಬರೆದಿಡಲು ಹೇಳಿ, ಸಿಲಿಂಡರ್ ಎಷ್ಟು ದಿನ ಹೆಚ್ಚಿಗೆ ಬಂತೆಂದು ಅವರೇ ನೋಡಲಿ. ನಿಮ್ಮ ಉಚಿತ ಯೂನಿಟ್‌ನ ಮಿತಿ ಎಷ್ಟೆಂದು ಬಿಲ್ಲಿನಲ್ಲೇ ಮುದ್ರಿಸಿರುತ್ತದೆ, ಅದನ್ನು ಮೊದಲೇ ಓದಿಕೊಳ್ಳಿ. ಅಮ್ಮ ಒಲೆಯನ್ನು ಇಟ್ಟುಕೊಳ್ಳುತ್ತಾರೋ ನಿಮ್ಮ ಜೊತೆ ವಾಪಸ್ ಕಳುಹಿಸುತ್ತಾರೋ ನನಗೂ ಬರೆದು ತಿಳಿಸಿ.